ಜರ್ಮನಿಯಲ್ಲಿದ್ದಾಗ ಕಿಡ್ನಿ ಸ್ಟೋನ್ ಕಾಡಿದರೆ: ಎಲ್ಲಿಗೆ ಹೋಗಬೇಕು, ಏನು ಹೇಳಬೇಕು, ಏನು ಕೇಳಿ ತರಬೇಕು

ಓದಲು, ಕೆಲಸಕ್ಕೆ ಅಂತ ಜರ್ಮನಿಗೆ ಬಂದ ನಮ್ಮವರಲ್ಲಿ ಒಂದು ಅಭ್ಯಾಸ ಇದೆ. ಹಲ್ಲು ನೋವಾಗಲಿ, ಬೆನ್ನು ನೋವಾಗಲಿ, "ಡಿಸೆಂಬರ್‌ನಲ್ಲಿ ಹೇಗೂ ಊರಿಗೆ ಹೋಗ್ತೀನಲ್ಲ, ಆಗ ತೋರಿಸಿದರಾಯಿತು" ಎಂದು ಮುಂದೂಡುವುದು. ಕಾರಣಗಳೂ ಸುಳ್ಳಲ್ಲ. ಭಾಷೆ ಸರಿಯಾಗಿ ಬರುವುದಿಲ್ಲ. ಡಾಕ್ಟರ್ ಅಪಾಯಿಂಟ್‌ಮೆಂಟಿಗೆ ವಾರಗಟ್ಟಲೆ ಕಾಯಬೇಕು. ಊರಿನಲ್ಲಾದರೆ ಮನೆಯವರು ಜೊತೆಗಿರುತ್ತಾರೆ.

ಕಿಡ್ನಿ ಸ್ಟೋನ್ ವಿಷಯದಲ್ಲಿ ಮಾತ್ರ ಈ ಲೆಕ್ಕ ನಡೆಯುವುದಿಲ್ಲ. ಕಲ್ಲು ಕಿಡ್ನಿಯೊಳಗೆ ಕೂತಿರುವಷ್ಟು ದಿನ ಇದೆ ಅಂತಲೇ ಗೊತ್ತಾಗದೆ ಇರಬಹುದು. ಅದು ಜಾರಿ ಮೂತ್ರನಾಳದಲ್ಲಿ ಸಿಕ್ಕಿಕೊಂಡಾಗ ನೋವು ಒಮ್ಮೆಗೇ ಏರುತ್ತದೆ. ಆ ಹೊತ್ತಿಗೆ ಯಾವ ನಂಬರಿಗೆ ಫೋನ್ ಮಾಡಬೇಕು, ಯಾವ ಆಸ್ಪತ್ರೆಗೆ ಹೋಗಬೇಕು ಅಂತ ಹುಡುಕುತ್ತಾ ಕೂರುವ ಶಕ್ತಿ ಇರುವುದಿಲ್ಲ. ಆದ್ದರಿಂದ ಈ ಲೇಖನವನ್ನು ನೋವಿಲ್ಲದ ದಿನವೇ ಓದಿ, ಬೇಕಾದ್ದನ್ನು ಫೋನಿನಲ್ಲಿ ಬರೆದಿಟ್ಟುಕೊಳ್ಳಿ. ನಾನು ಡಾಕ್ಟರ್ ಅಲ್ಲ. ಭಾಷೆಗೆ ನೆರವಾಗಲೆಂದು ಪರಿಚಯದವರ ಜೊತೆ ಆಸ್ಪತ್ರೆಗಳಿಗೆ ಹೋಗಿಬಂದವನು. ಏನನ್ನು ಕೇಳದೆ ಬಂದರೆ ಆಮೇಲೆ ತೊಂದರೆಯಾಗುತ್ತದೆ ಎಂಬುದನ್ನು ಅಲ್ಲೇ ಕಂಡಿದ್ದೇನೆ.

1. ಕಾಯಬಹುದಾ, ಈಗಲೇ ಹೊರಡಬೇಕಾ?

ಕಲ್ಲಿನ ನೋವು ಹೆಚ್ಚಾಗಿ ಒಂದು ಪಕ್ಕೆಯ ಹಿಂಭಾಗದಲ್ಲಿ ಶುರುವಾಗಿ, ಕೆಳಹೊಟ್ಟೆ, ತೊಡೆಸಂದಿನ ಕಡೆ ಇಳಿಯುತ್ತದೆ. ಅಲೆ ಅಲೆಯಾಗಿ ಬರುತ್ತದೆ. ಕೂತರೂ ಸಮಾಧಾನವಿಲ್ಲ, ಮಲಗಿದರೂ ಇಲ್ಲ. ವಾಂತಿ ಬರಬಹುದು. ಮೂತ್ರ ಕೆಂಪಾಗಬಹುದು, ಪದೇ ಪದೇ ಹೋಗಬೇಕು ಅನಿಸಬಹುದು.

ಇದಿಷ್ಟೇ ಆಗಿದ್ದು, ಮಾತ್ರೆಗೆ ನೋವು ಹಿಡಿತಕ್ಕೆ ಬಂದರೆ, ಬೆಳಿಗ್ಗೆ ಡಾಕ್ಟರ್ ಹತ್ತಿರ ಹೋದರೂ ನಡೆಯುತ್ತದೆ. ಆದರೆ ಕೆಳಗಿನ ಯಾವುದಾದರೂ ಒಂದು ಇದ್ದರೂ ಬೆಳಗಿನವರೆಗೆ ಕಾಯಬೇಡಿ.

ಎಲ್ಲಕ್ಕಿಂತ ಮುಖ್ಯವಾದದ್ದು ಜ್ವರ. ಕಲ್ಲಿನ ನೋವಿನ ಜೊತೆ 38 ಡಿಗ್ರಿ ಸೆಲ್ಸಿಯಸ್‌ಗಿಂತ ಜಾಸ್ತಿ ಜ್ವರ, ಅಥವಾ ಮೈ ನಡುಗುವ ಚಳಿ ಬಂದರೆ, ಕಲ್ಲಿನ ಹಿಂದೆ ಕಟ್ಟಿಕೊಂಡ ಮೂತ್ರದಲ್ಲಿ ಸೋಂಕು ಆಗಿರಬಹುದು. ಆ ಸೋಂಕು ರಕ್ತಕ್ಕೆ ಸೇರಿದರೆ ಕೆಲವೇ ಗಂಟೆಗಳಲ್ಲಿ ಜೀವಕ್ಕೆ ಅಪಾಯ. ಬರೀ ಆಂಟಿಬಯಾಟಿಕ್ ಇದಕ್ಕೆ ಸಾಲುವುದಿಲ್ಲ. ಕಟ್ಟಿಕೊಂಡ ಮೂತ್ರವನ್ನು ಟ್ಯೂಬ್ ಹಾಕಿ ಹೊರಗೆ ಬಿಡಲೇಬೇಕು. ಪ್ಯಾರಾಸಿಟಮಾಲ್ ನುಂಗಿದ ಮೇಲೆ ಜ್ವರ ಇಳಿಯಿತು ಅಂತ ಮನೆಯಲ್ಲಿ ಉಳಿಯಬೇಡಿ. ಈ ಲೇಖನದಲ್ಲಿ ಒಂದೇ ಒಂದು ವಿಷಯ ನೆನಪಿಡುವುದಾದರೆ ಇದನ್ನೇ ಇಟ್ಟುಕೊಳ್ಳಿ.

ಉಳಿದವು: ಮೂತ್ರವೇ ಬರದಿರುವುದು, ಒಂದೇ ಕಿಡ್ನಿ ಇರುವವರು, ಗರ್ಭಿಣಿಯರು, ವಾಂತಿಯಿಂದ ನೀರೂ ನಿಲ್ಲದಿರುವುದು, ಮಾತ್ರೆಗೆ ಬಗ್ಗದ ನೋವು. 60 ದಾಟಿದವರಿಗೆ ಇಂಥ ನೋವು ಮೊದಲ ಸಲ ಬಂದರೆ ಕಲ್ಲೇ ಇರಬೇಕು ಅಂತ ನೀವೇ ತೀರ್ಮಾನಿಸಬೇಡಿ. ಹೊಟ್ಟೆಯ ದೊಡ್ಡ ರಕ್ತನಾಳ ಊದಿಕೊಂಡಾಗಲೂ ಹೀಗೇ ನೋಯುತ್ತದೆ. ಬಲಗಡೆಯ ನೋವು ಅಪೆಂಡಿಕ್ಸ್ ಇರಬಹುದು. ಹುಡುಗರಲ್ಲಿ ವೃಷಣ ತಿರುಚಿಕೊಂಡಾಗಲೂ ನೋವು ಇದೇ ಜಾಗಕ್ಕೆ ಹರಡುತ್ತದೆ.

2. ಯಾವ ಬಾಗಿಲು?

ಬೆಂಗಳೂರಿನಲ್ಲಾದರೆ ನೇರವಾಗಿ ಯಾವುದಾದರೂ ದೊಡ್ಡ ಆಸ್ಪತ್ರೆಗೆ ಹೋಗಿ ಯೂರಾಲಜಿಸ್ಟ್ (ಕಿಡ್ನಿ, ಮೂತ್ರಕ್ಕೆ ಸಂಬಂಧಿಸಿದ ತಜ್ಞ ಡಾಕ್ಟರ್) ಬೇಕು ಅಂತ ಕೇಳಬಹುದು. ಇಲ್ಲಿ ಒಂದೊಂದು ಪರಿಸ್ಥಿತಿಗೆ ಒಂದೊಂದು ಬಾಗಿಲು. ತಪ್ಪು ಬಾಗಿಲಿಗೆ ಹೋದರೆ ಗಂಟೆಗಟ್ಟಲೆ ಕೂರಬೇಕಾಗುತ್ತದೆ.

ಎದ್ದು ನಿಲ್ಲಲೂ ಆಗದಷ್ಟು ನೋವು, ನಡುಕದ ಜ್ವರ, ಪ್ರಜ್ಞೆ ಮಂಕಾಗುವುದು ಇದ್ದರೆ 112. ಕರೆ ಉಚಿತ. ಇಂಗ್ಲಿಷ್‌ನಲ್ಲಿ ಮಾತಾಡಲು ಪ್ರಯತ್ನಿಸಬಹುದು. ಮೊದಲು ವಿಳಾಸ ಹೇಳಿ, ಮನೆಯ ಕರೆಗಂಟೆಯ ಮೇಲಿರುವ ಹೆಸರು ಹೇಳಿ, ಆಮೇಲೆ ಕಾಯಿಲೆ. ಇಲ್ಲಿ ಮನೆಗಳನ್ನು ಗುರುತಿಸುವುದೇ ಕರೆಗಂಟೆಯ ಹೆಸರಿನಿಂದ. ಶೇರಿಂಗ್ ಮನೆಯಲ್ಲಿ ನಿಮ್ಮ ಹೆಸರು ಅಲ್ಲಿ ಇಲ್ಲದಿದ್ದರೆ ಯಾರ ಹೆಸರಿದೆಯೋ ಅದನ್ನೇ ಹೇಳಬೇಕು.

ನೋವಿದೆ, ಆದರೆ ನಡೆದಾಡಬಹುದು. ರಾತ್ರಿಯಾಗಿದೆ ಅಥವಾ ವಾರಾಂತ್ಯ. ಆಗ 116117. ಡಾಕ್ಟರ್‌ಗಳ ಕ್ಲಿನಿಕ್ ಮುಚ್ಚಿರುವ ವೇಳೆಗೆಂದೇ ಇರುವ ಸೇವೆ ಇದು. ಹತ್ತಿರದಲ್ಲಿ ತೆರೆದಿರುವ ತುರ್ತು ಕ್ಲಿನಿಕ್ ಎಲ್ಲಿದೆ ಎಂದು ಹೇಳುತ್ತಾರೆ. ಹೆಚ್ಚಾಗಿ ಜರ್ಮನ್‌ನಲ್ಲೇ ಮಾತಾಡುತ್ತಾರೆ, ಹಾಗಾಗಿ ಭಾಷೆ ಬಲ್ಲ ಗೆಳೆಯರೊಬ್ಬರನ್ನು ಕಾನ್ಫರೆನ್ಸ್ ಕಾಲ್‌ಗೆ ಸೇರಿಸಿಕೊಳ್ಳಿ.

ತಡೆಯಲಾಗದ ನೋವು, ಆದರೆ ಯಾರಾದರೂ ಕಾರಿನಲ್ಲಿ ಕರೆದೊಯ್ಯಬಲ್ಲರು ಅಂದರೆ ಆಸ್ಪತ್ರೆಯ ನೋಟ್‌ಔಫ್‌ನಾಮೆ, ಅಂದರೆ ಎಮರ್ಜೆನ್ಸಿ ವಿಭಾಗ. ಇಲ್ಲೊಂದು ಸೂಕ್ಷ್ಮ ಇದೆ. ಎಲ್ಲ ಆಸ್ಪತ್ರೆಗಳಲ್ಲೂ ಯೂರಾಲಜಿ ವಿಭಾಗ ಇರುವುದಿಲ್ಲ. ಮನೆ ಪಕ್ಕದ ಸಣ್ಣ ಆಸ್ಪತ್ರೆಗೆ ಹೋದರೆ ಇಂಜೆಕ್ಷನ್ ಕೊಟ್ಟು, ಸ್ಕ್ಯಾನ್ ಮಾಡಿ, ಕೊನೆಗೆ ಇನ್ನೊಂದು ಆಸ್ಪತ್ರೆಗೆ ಕಳಿಸಬಹುದು. ಆದ್ದರಿಂದ ಇವತ್ತೇ ನಿಮ್ಮ ಊರಿನ ಆಸ್ಪತ್ರೆಗಳ ಹೆಸರಿನ ಜೊತೆ "ಉರೊಲೋಗೀ" (Urologie) ಅಂತ ಹಾಕಿ ಹುಡುಕಿ. ಆ ವಿಭಾಗ ಇರುವ, ನಿಮಗೆ ಹತ್ತಿರದ ಒಂದು ಆಸ್ಪತ್ರೆಯ ವಿಳಾಸವನ್ನು ಫೋನಿನ ಮ್ಯಾಪಿನಲ್ಲಿ ಉಳಿಸಿಕೊಳ್ಳಿ. ಐದು ನಿಮಿಷದ ಕೆಲಸ, ಅಲ್ವಾ?

ನೋವು ಬಂದು ಹೋಗಿದೆ, ಅಥವಾ ಹಳೆಯ ಕಲ್ಲಿನ ತಪಾಸಣೆ ಆಗಬೇಕಿದೆ. ಇದು ಹೌಸ್‌ಆರ್ಟ್ಸ್ಟ್ ಕೆಲಸ, ಅಂದರೆ ನಿಮ್ಮ ಮಾಮೂಲಿ ಫ್ಯಾಮಿಲಿ ಡಾಕ್ಟರ್. ಅವರು ಊಬರ್‌ವೈಸುಂಗ್ ಎಂಬ ಶಿಫಾರಸು ಚೀಟಿ ಕೊಟ್ಟು ಯೂರಾಲಜಿಸ್ಟ್ ಹತ್ತಿರ ಕಳಿಸುತ್ತಾರೆ. ನೇರವಾಗಿಯೂ ಯೂರಾಲಜಿಸ್ಟ್‌ಗೆ ಫೋನ್ ಮಾಡಬಹುದು, ಆದರೆ "ಹೊಸ ರೋಗಿಗಳನ್ನು ತೆಗೆದುಕೊಳ್ಳುವುದಿಲ್ಲ" ಎಂಬ ಉತ್ತರ ಬರುವ ಸಾಧ್ಯತೆ ಜಾಸ್ತಿ. ಆಗ ಶಿಫಾರಸು ಚೀಟಿಯ ಮೇಲೆ ತುರ್ತು ಕೋಡ್ ಹಾಕಿಕೊಡಿ ಎಂದು ಹೌಸ್‌ಆರ್ಟ್ಸ್ಟ್ ಅವರನ್ನು ಕೇಳಿ. ಆ ಕೋಡ್ ಇಟ್ಟುಕೊಂಡು 116117ರ ಅಪಾಯಿಂಟ್‌ಮೆಂಟ್ ಸೇವೆಯ ಮೂಲಕ ಹೋದರೆ, ಸಾಮಾನ್ಯವಾಗಿ 4 ವಾರದೊಳಗಿನ ಸಮಯ ಸಿಗುತ್ತದೆ. ಈ ಕೋಡ್ ಬಗ್ಗೆ ನಮ್ಮವರಲ್ಲಿ ಬಹಳ ಜನಕ್ಕೆ ತಿಳಿದಿಲ್ಲ. ಕೇಳದಿದ್ದರೆ ಅವರಾಗಿ ಕೊಡದೆಯೂ ಇರಬಹುದು.

3. ಚೀಲಕ್ಕೆ ಏನು ಹಾಕಿಕೊಳ್ಳಬೇಕು

ಇನ್ಶೂರೆನ್ಸ್ ಕಾರ್ಡ್, ರೆಸಿಡೆನ್ಸ್ ಪರ್ಮಿಟ್ ಅಥವಾ ಪಾಸ್‌ಪೋರ್ಟ್, ಫೋನ್ ಚಾರ್ಜರ್, ಒಂದು ಜೊತೆ ಬಟ್ಟೆ, ಮನೆಯ ಚಪ್ಪಲಿ. ದಿನಾ ತೆಗೆದುಕೊಳ್ಳುವ ಮಾತ್ರೆಗಳ ಪಟ್ಟಿ. ಪಟ್ಟಿಯಲ್ಲಿ ಭಾರತದ ಬ್ರ್ಯಾಂಡ್ ಹೆಸರು ಬರೆದರೆ ಇಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ಮಾತ್ರೆಯ ಸ್ಟ್ರಿಪ್ಪಿನ ಹಿಂದೆ ಸಣ್ಣ ಅಕ್ಷರದಲ್ಲಿರುವ ಔಷಧಿಯ ಮೂಲ ಹೆಸರನ್ನು ಬರೆಯಿರಿ, ಅಥವಾ ಫೋಟೊ ತೆಗೆದಿಟ್ಟುಕೊಳ್ಳಿ. ಹಿಂದೆ ಊರಿನಲ್ಲಿ ಸ್ಕ್ಯಾನ್ ಆಗಿದ್ದರೆ ಅದರ ರಿಪೋರ್ಟ್ ಫೋನಿನಲ್ಲೇ ಇರಲಿ.

ಹೊರಡುವ ಮೊದಲು ಹೊಟ್ಟೆ ತುಂಬ ಊಟ ಮಾಡಬೇಡಿ. ಅರಿವಳಿಕೆ ಕೊಡಬೇಕಾಗಿ ಬಂದರೆ ಹೊಟ್ಟೆ ಖಾಲಿ ಇರಬೇಕು. ಇನ್ನೊಂದು ಮಾತು. ನೋವು ಶುರುವಾದ ಕೂಡಲೇ ಎರಡು ಲೀಟರ್ ನೀರು ಕುಡಿದರೆ ಕಲ್ಲು ಕೊಚ್ಚಿಕೊಂಡು ಹೋಗುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ದಾರಿ ಮುಚ್ಚಿರುವಾಗ ಹೆಚ್ಚು ನೀರು ಹಿಂದಿನ ಒತ್ತಡ ಹೆಚ್ಚಿಸಿ ನೋವನ್ನೇ ಜಾಸ್ತಿ ಮಾಡುತ್ತದೆ. ಬಾಯಾರಿಕೆಗೆ ತಕ್ಕಷ್ಟು ಕುಡಿದರೆ ಸಾಕು. ಲೀಟರ್‌ಗಟ್ಟಲೆ ನೀರಿನ ಸರದಿ ಆಮೇಲೆ, ಮತ್ತೆ ಕಲ್ಲಾಗದಂತೆ ತಡೆಯುವಾಗ.

4. ಅಲ್ಲಿ ಹೋಗಿ ಏನು ಹೇಳುವುದು

ಎಮರ್ಜೆನ್ಸಿಯಲ್ಲಿ ಮೊದಲು ನರ್ಸ್ ಮಾತಾಡಿಸುತ್ತಾರೆ. ಯಾರು ಎಷ್ಟು ಹೊತ್ತು ಕಾಯಬಹುದು ಎಂದು ನಿರ್ಧರಿಸುವುದು ಆಗಲೇ. ಮೊದಲು ಬಂದವರಿಗೆ ಮೊದಲು ಎಂಬ ಲೆಕ್ಕ ಇಲ್ಲ. ನೋವು ಸೊನ್ನೆಯಿಂದ ಹತ್ತರಲ್ಲಿ ಎಷ್ಟು ಎಂದು ಕೇಳುತ್ತಾರೆ. ನಮ್ಮವರು ಇಲ್ಲಿ ಎಡವುತ್ತಾರೆ. ದೊಡ್ಡ ನೋವನ್ನೂ ಸಹಿಸಿ, ಪಾಪ ಅವರಿಗೆ ತೊಂದರೆ ಯಾಕೆ ಎಂದು "ಐದು, ಪರವಾಗಿಲ್ಲ" ಅನ್ನುತ್ತಾರೆ. ಬರೆದುಕೊಳ್ಳುವವರು ಐದು ಅಂತಲೇ ಬರೆದುಕೊಳ್ಳುತ್ತಾರೆ. ಒಂಬತ್ತು ಇದ್ದರೆ ಒಂಬತ್ತು ಅಂತಲೇ ಹೇಳಿ. ಕಾಯುತ್ತಿರುವಾಗ ಚಳಿ ಜ್ವರ ಬಂದರೆ ಮತ್ತೆ ಎದ್ದು ಹೋಗಿ ತಿಳಿಸಿ.

ಈ ಮಾತುಗಳನ್ನು ಫೋನಿನಲ್ಲಿ ಬರೆದಿಟ್ಟುಕೊಳ್ಳಿ. "ಇಷ್ ಹಾಬೆ ಶ್ಟಾರ್ಕೆ ಫ್ಲಾಂಕೆನ್‌ಶ್ಮೆರ್ತ್ಸೆನ್": ಪಕ್ಕೆಯಲ್ಲಿ ತುಂಬಾ ನೋವಿದೆ. ಎಡಗಡೆಯಾದರೆ "ಲಿಂಕ್ಸ್", ಬಲಗಡೆಯಾದರೆ "ರೆಷ್ಟ್ಸ್" ಸೇರಿಸಿ. "ಇಷ್ ಹಾಟ್ಟೆ ಶೋನ್ ಮಾಲ್ ನೀರೆನ್‌ಶ್ಟೈನೆ": ಮುಂಚೆಯೂ ಕಿಡ್ನಿ ಸ್ಟೋನ್ ಆಗಿತ್ತು. "ಬ್ಲೂಟ್ ಇಮ್ ಉರೀನ್": ಮೂತ್ರದಲ್ಲಿ ರಕ್ತ. "ಫೀಬರ್ ಉಂಡ್ ಶುಟ್ಟೆಲ್‌ಫ್ರೋಸ್ಟ್": ಜ್ವರ ಮತ್ತು ನಡುಕ. ಕೊನೆಯದನ್ನು ಕೇಳಿದ ಕೂಡಲೇ ಎದುರಿಗಿರುವವರು ಚುರುಕಾಗುತ್ತಾರೆ, ಆಗಲೂಬೇಕು.

ಡಾಕ್ಟರ್‌ಗಳಿಗೆ ಸಾಮಾನ್ಯವಾಗಿ ಇಂಗ್ಲಿಷ್ ಬರುತ್ತದೆ. ರಾತ್ರಿ ಪಾಳಿಯ ಉಳಿದ ಸಿಬ್ಬಂದಿಗೆ ಬರದೆ ಇರಬಹುದು. ಅಲರ್ಜಿ, ಗರ್ಭ, ಮಧುಮೇಹ, ಬಿಪಿ, ಅಸ್ತಮಾ, ಹೊಟ್ಟೆ ಹುಣ್ಣು, ರಕ್ತ ತೆಳುವಾಗಿಸುವ ಮಾತ್ರೆ ಇವುಗಳನ್ನು ಅವರು ಕೇಳುವ ಮೊದಲೇ ಹೇಳಿಬಿಡಿ. ಊರಿಂದ ತಂದ ಕಲ್ಲಿನ ಮಾತ್ರೆ, ಕಷಾಯ ಏನಾದರೂ ತೆಗೆದುಕೊಳ್ಳುತ್ತಿದ್ದರೆ ಅದನ್ನೂ ಮುಚ್ಚಿಡಬೇಡಿ.

5. ನೋವಿನ ಔಷಧಿ

ಇಲ್ಲಿ ಕಲ್ಲಿನ ನೋವಿಗೆ ಹೆಚ್ಚಾಗಿ ಕೊಡುವುದು ಮೆಟಮಿಜೋಲ್, ಇಲ್ಲವೇ ಡೈಕ್ಲೋಫೆನಾಕ್. ಮೆಟಮಿಜೋಲನ್ನು ನೊವಾಲ್ಗಿನ್, ನೊವಾಮಿನ್‌ಸಲ್ಫೋನ್ ಎಂಬ ಹೆಸರಿನಲ್ಲಿ ಕೊಡುತ್ತಾರೆ. ನಮ್ಮ ಕಡೆ ಹಿರಿಯರಿಗೆ ಅನಾಲ್ಜಿನ್ ಎಂದು ಗೊತ್ತಿರುವ ಔಷಧಿ ಇದೇ. ಅಮೆರಿಕದಲ್ಲಿ 1977ರಲ್ಲೇ ಇದನ್ನು ನಿಲ್ಲಿಸಿದರು, ಜರ್ಮನಿಯಲ್ಲಿ ದಿನನಿತ್ಯ ಬಳಸುತ್ತಾರೆ. ಕಲ್ಲಿನ ನೋವಿಗೆ ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ಬಹಳ ಅಪರೂಪಕ್ಕೆ ಕೆಲವರಲ್ಲಿ ರಕ್ತದ ಬಿಳಿ ಕಣಗಳು ಅಪಾಯದ ಮಟ್ಟಕ್ಕೆ ಕುಸಿಯುತ್ತವೆ. ಈ ಮಾತ್ರೆ ತೆಗೆದುಕೊಳ್ಳುವಾಗ, ಅಥವಾ ನಿಲ್ಲಿಸಿದ ಸ್ವಲ್ಪ ದಿನಕ್ಕೆ, ಜ್ವರ, ಗಂಟಲು ನೋವು, ಬಾಯಿ ಹುಣ್ಣು ಕಾಣಿಸಿದರೆ ಮಾತ್ರೆ ನಿಲ್ಲಿಸಿ ಅದೇ ದಿನ ಡಾಕ್ಟರ್ ಕಂಡು ರಕ್ತ ಪರೀಕ್ಷೆ ಮಾಡಿಸಿ. ಚಳಿಗಾಲದ ನೆಗಡಿ ಅಂದುಕೊಂಡು ಬಿಡಬೇಡಿ. ಮನೆಯಲ್ಲಿ ಮಿಕ್ಕಿದ್ದನ್ನು ಗೆಳೆಯರಿಗೆ ಕೊಡುವುದೂ ಬೇಡ.

ಡೈಕ್ಲೋಫೆನಾಕ್, ಐಬುಪ್ರೊಫೆನ್ ಎರಡೂ ಕಲ್ಲಿನ ನೋವಿಗೆ ಒಳ್ಳೆಯವೇ. ಆದರೆ ಕಿಡ್ನಿ ಕೆಲಸ ಕಡಿಮೆ ಇರುವವರು, ಹೊಟ್ಟೆ ಹುಣ್ಣು, ಹೃದಯದ ತೊಂದರೆ ಇರುವವರು, ಗರ್ಭಿಣಿಯರು ಡಾಕ್ಟರನ್ನು ಕೇಳದೆ ತೆಗೆದುಕೊಳ್ಳಬಾರದು.

ನೋವಿನ ಮಾತ್ರೆ ಇಲ್ಲಿ ಸೂಪರ್‌ಮಾರ್ಕೆಟ್‌ನಲ್ಲಿ ಸಿಗುವುದಿಲ್ಲ. ಅಪೊಥೇಕೆಗೇ, ಅಂದರೆ ಔಷಧಿ ಅಂಗಡಿಗೇ ಹೋಗಬೇಕು, ಅದು ಭಾನುವಾರ ಮುಚ್ಚಿರುತ್ತದೆ. ಸರದಿಯ ಮೇಲೆ ಕೆಲವು ಅಂಗಡಿ ಮಾತ್ರ ತೆರೆದಿರುತ್ತವೆ. ಮೊಬೈಲಿನಿಂದ 22833ಕ್ಕೆ ಕರೆ ಮಾಡಿದರೆ ಯಾವುದೆಂದು ಹೇಳುತ್ತಾರೆ. ರಾತ್ರಿ, ಭಾನುವಾರ 2.50 ಯೂರೊ ಹೆಚ್ಚು ಕೇಳಬಹುದು. ಎಮರ್ಜೆನ್ಸಿಯಿಂದ ಮನೆಗೆ ಕಳಿಸುವಾಗ "ನಾಳೆವರೆಗೆ ಮಾತ್ರೆ ಕೊಡಿ" ಎಂದು ಬಾಯಿಬಿಟ್ಟು ಕೇಳಿ.

6. ತಪಾಸಣೆ ಮತ್ತು ಚಿಕಿತ್ಸೆ

ಮೂತ್ರ, ರಕ್ತ, ಅಲ್ಟ್ರಾಸೌಂಡ್ ಮೊದಲು ಆಗುತ್ತವೆ. ಅನುಮಾನ ಉಳಿದರೆ ಕಾಂಟ್ರಾಸ್ಟ್ (ಚಿತ್ರ ಸ್ಪಷ್ಟವಾಗಲು ಕೊಡುವ ದ್ರವ) ಇಲ್ಲದ, ಕಡಿಮೆ ವಿಕಿರಣದ ಸಿಟಿ ಸ್ಕ್ಯಾನ್. ಗರ್ಭಿಣಿಯರಿಗೆ ಅಲ್ಟ್ರಾಸೌಂಡನ್ನೇ ನೆಚ್ಚಿಕೊಳ್ಳುತ್ತಾರೆ. ಇಲ್ಲಿ ನೀವು ಕೇಳಿ ಬರೆದುಕೊಳ್ಳಬೇಕಾದ ನಾಲ್ಕು ವಿಷಯ ಇವೆ. ಕಲ್ಲು ಎಷ್ಟು ಮಿಲಿಮೀಟರ್, ಎಲ್ಲಿದೆ, ಕಿಡ್ನಿ ಊದಿಕೊಂಡಿದೆಯಾ, ಕ್ರಿಯಾಟಿನಿನ್ (ಕಿಡ್ನಿ ಹೇಗೆ ಕೆಲಸ ಮಾಡುತ್ತಿದೆ ಎಂದು ತೋರಿಸುವ ರಕ್ತದ ಅಳತೆ) ಎಷ್ಟು. ಮುಂದೆ ಯಾವ ದೇಶದ ಯಾವ ಡಾಕ್ಟರ್ ಹತ್ತಿರ ಹೋದರೂ ಮೊದಲು ಕೇಳುವುದು ಇವನ್ನೇ.

4 ಮಿಲಿಮೀಟರ್‌ವರೆಗಿನ ಕಲ್ಲುಗಳಲ್ಲಿ ಬಹುಪಾಲು ಸುಮಾರು 40 ದಿನದೊಳಗೆ ತಾವಾಗಿಯೇ ಹೊರಬೀಳುತ್ತವೆ. ಅಂಥ ಕಲ್ಲಿಗೆ ನೋವಿನ ಮಾತ್ರೆ ಕೊಟ್ಟು ಮನೆಗೆ ಕಳಿಸುತ್ತಾರೆ. "ಏನೂ ಮಾಡದೆ ಕಳಿಸಿಬಿಟ್ಟರು" ಎಂದು ಬೇಸರ ಪಡುವವರು ತುಂಬ ಜನ. ಕಾಯುವುದು ಇಲ್ಲಿ ಚಿಕಿತ್ಸೆಯೇ. ಆದರೆ ಮತ್ತೆ ಯಾವಾಗ ಸ್ಕ್ಯಾನ್ ಎಂದು ದಿನಾಂಕ ಗೊತ್ತು ಮಾಡಿಕೊಂಡೇ ಹೊರಡಬೇಕು. ನೋವು ನಿಂತ ಮಾತ್ರಕ್ಕೆ ಕಲ್ಲು ಹೋಯಿತು ಅಂತ ಅಲ್ಲ. ಸದ್ದಿಲ್ಲದೆ ಕಿಡ್ನಿಯನ್ನು ಊದಿಸುತ್ತಾ ಕೂತಿರಬಹುದು.

5 ಮಿಲಿಮೀಟರ್ ದಾಟಿದ, ಮೂತ್ರನಾಳದ ಕೆಳಭಾಗದಲ್ಲಿರುವ ಕಲ್ಲಿಗೆ ಟ್ಯಾಮ್ಸುಲೋಸಿನ್ ಕೊಡಬಹುದು. ಅದು ನಾಳವನ್ನು ಸಡಿಲಿಸುತ್ತದೆ. ಹಾಸಿಗೆಯಿಂದ ದಡಬಡನೆ ಎದ್ದರೆ ತಲೆ ಸುತ್ತಬಹುದು, ನಿಧಾನ.

ಕಲ್ಲು ತಾನಾಗಿ ಬರದಿದ್ದರೆ ಮೂತ್ರನಾಳದ ಮೂಲಕವೇ ಸಣ್ಣ ದುರ್ಬೀನು ಹಾಕಿ, ಲೇಸರ್‌ನಿಂದ ಪುಡಿ ಮಾಡಿ ತೆಗೆಯುತ್ತಾರೆ. ಕಿಡ್ನಿಯೊಳಗೆ 2 ಸೆಂಟಿಮೀಟರ್‌ಗಿಂತ ದೊಡ್ಡ ಕಲ್ಲಿದ್ದರೆ ಬೆನ್ನಿನಿಂದ ಸಣ್ಣ ತೂತು ಮಾಡುತ್ತಾರೆ. ಇನ್ನೊಂದು ದಾರಿ ಹೊರಗಿನಿಂದಲೇ ಆಘಾತ ತರಂಗ ಹಾಯಿಸಿ ಕಲ್ಲು ಒಡೆಯುವುದು. ಈ ವಿಧಾನ ಹುಟ್ಟಿದ್ದೇ ಜರ್ಮನಿಯಲ್ಲಿ. ವಿಮಾನ ತಯಾರಿಸುತ್ತಿದ್ದ ಡಾರ್ನಿಯರ್ ಕಂಪನಿಯ ಎಂಜಿನಿಯರ್‌ಗಳ ಜೊತೆ ಕೆಲಸ ಮಾಡಿ, ಡಾಕ್ಟರ್ ಕ್ರಿಶ್ಚಿಯನ್ ಚೌಸಿ ಅವರ ತಂಡ 1980ರ ಫೆಬ್ರವರಿಯಲ್ಲಿ ಮ್ಯೂನಿಕ್‌ನಲ್ಲಿ ಮೊದಲ ರೋಗಿಗೆ ಇದನ್ನು ಮಾಡಿತು. ಹೊಟ್ಟೆ ಕೊಯ್ದು ಕಲ್ಲು ತೆಗೆಯುತ್ತಿದ್ದ ಕಾಲ ಅದರ ನಂತರ ಬೇಗ ಹಿಂದೆ ಸರಿಯಿತು. ಇಲ್ಲಿನ ಡಾಕ್ಟರ್‌ಗಳಿಗೆ ಕಲ್ಲಿನ ವಿಷಯ ಸರಿಯಾಗಿ ಗೊತ್ತಿರುತ್ತದೋ ಇಲ್ಲವೋ ಎಂದು ಚಿಂತಿಸುವ ಅಪ್ಪ ಅಮ್ಮನಿಗೆ ಇದನ್ನು ಹೇಳಬಹುದು.

ಆಪರೇಷನ್‌ಗೆ ಮೊದಲು ಡಾಕ್ಟರ್ ಕೂತು ವಿವರಿಸಿ, ಒಪ್ಪಿಗೆ ಪತ್ರಕ್ಕೆ ಸಹಿ ಕೇಳುತ್ತಾರೆ. ಪತ್ರ ಪುಟಗಟ್ಟಲೆ ಇರುತ್ತದೆ, ಜರ್ಮನ್‌ನಲ್ಲಿ ಇರುತ್ತದೆ. ಅರ್ಥವಾಗುವಂತೆ ವಿವರಿಸಬೇಕು ಎಂದು ಇಲ್ಲಿ ಕಾನೂನೇ ಇದೆ. 2013ರಲ್ಲಿ ಬಂದ ರೋಗಿಗಳ ಹಕ್ಕಿನ ಕಾನೂನು ಅದು. ಹಾಗಾಗಿ ಸಂಕೋಚ ಬೇಡ. ಗೆಳೆಯರನ್ನು ಫೋನಿನಲ್ಲಿ ಸೇರಿಸಿಕೊಳ್ಳಿ, ನಿಧಾನ ಹೇಳಿ ಎಂದು ಕೇಳಿ, ಅರ್ಥವಾದ ಮೇಲೆ ಸಹಿ ಮಾಡಿ.

7. ಒಳಗೆ ಸ್ಟೆಂಟ್ ಇದ್ದರೆ

ಇದಕ್ಕೆ ಬೇರೆಯೇ ಜಾಗ ಕೊಡುತ್ತಿದ್ದೇನೆ, ಯಾಕೆಂದರೆ ದೇಶ ಬಿಟ್ಟು ದೇಶ ಓಡಾಡುವವರಿಗೆ ಹೆಚ್ಚು ಅಪಾಯ ಇರುವುದು ಇಲ್ಲೇ. ಮೂತ್ರ ಕಟ್ಟಿಕೊಂಡಾಗ, ಅಥವಾ ಕಲ್ಲು ತೆಗೆದ ಮೇಲೆ, ಕಿಡ್ನಿಯಿಂದ ಮೂತ್ರಕೋಶದವರೆಗೆ ಒಂದು ತೆಳು ಕೊಳವೆ ಇಡುತ್ತಾರೆ. ನಮ್ಮಲ್ಲಿ ಡಿಜೆ ಸ್ಟೆಂಟ್ ಅನ್ನುತ್ತೇವೆ, ಇಲ್ಲಿ ಹಾರ್ನ್‌ಲೈಟರ್‌ಶೀನೆ. ಸೋಂಕು ಇದ್ದಾಗ ಮೊದಲ ದಿನ ಸ್ಟೆಂಟ್ ಮಾತ್ರ ಹಾಕಿ, ಕಲ್ಲನ್ನು ಕೆಲವು ವಾರ ಬಿಟ್ಟು ತೆಗೆಯುತ್ತಾರೆ.

ಸ್ಟೆಂಟ್ ಇದ್ದಾಗ ಆಗಾಗ ಮೂತ್ರಕ್ಕೆ ಹೋಗಬೇಕು ಅನಿಸುವುದು, ಪಕ್ಕೆ ಎಳೆದಂತಾಗುವುದು, ಮೂತ್ರ ಸ್ವಲ್ಪ ಕೆಂಪಾಗುವುದು ಎಲ್ಲ ಮಾಮೂಲಿ. ಮಾಮೂಲಿ ಅಲ್ಲದ್ದು ಮತ್ತದೇ ಜ್ವರ. ಕೆಲವು ದಿನ ಕಳೆದರೆ ಈ ಕಿರಿಕಿರಿ ಅಭ್ಯಾಸವಾಗುತ್ತದೆ. ಆಗ ಮರೆಯುವ ಸಾಧ್ಯತೆ ಹೆಚ್ಚು. ಕೆಲಸ ಬದಲಾಯಿತು, ಊರು ಬದಲಾಯಿತು, ಇಂಡಿಯಾಕ್ಕೆ ವಾಪಸ್ ಹೋದರು, ಕೊಳವೆ ಒಳಗೇ ಉಳಿಯಿತು. ತಿಂಗಳುಗಟ್ಟಲೆ ಬಿಟ್ಟರೆ ಅದರ ಮೇಲೇ ಕಲ್ಲು ಬೆಳೆದು, ತೆಗೆಯಲು ದೊಡ್ಡ ಆಪರೇಷನ್ ಬೇಕಾಗುತ್ತದೆ. ಆಸ್ಪತ್ರೆ ಬಿಡುವ ಮುನ್ನ ಮೂರು ಪ್ರಶ್ನೆ ಕೇಳಿ. ನನ್ನೊಳಗೆ ಸ್ಟೆಂಟ್ ಇದೆಯಾ? ಯಾವ ದಿನಾಂಕದೊಳಗೆ ತೆಗೆಯಬೇಕು? ತೆಗೆಯುವವರು ಯಾರು, ನೀವೋ ಹೊರಗಿನ ಯೂರಾಲಜಿಸ್ಟೋ? ಉತ್ತರವನ್ನು ಮನೆಯ ಇನ್ನೊಬ್ಬರ ಫೋನಿನ ಕ್ಯಾಲೆಂಡರಿಗೂ ಹಾಕಿಸಿ.

8. ಹಣ, ರಜೆ, ಕಾಗದ

ಸರ್ಕಾರಿ ಇನ್ಶೂರೆನ್ಸ್ ಇದ್ದರೆ ಹಣದ ಭಯ ಬಿಡಿ. ಆಸ್ಪತ್ರೆಯಲ್ಲಿ ದಿನಕ್ಕೆ 10 ಯೂರೊ, ಅದೂ ವರ್ಷಕ್ಕೆ ಹೆಚ್ಚೆಂದರೆ 28 ದಿನಕ್ಕೆ. ಡಾಕ್ಟರ್ ಬರೆದ ಔಷಧಿಗೆ ತಲಾ 5ರಿಂದ 10 ಯೂರೊ. ಅಗತ್ಯವಿದ್ದು ಕರೆಸಿದ ಆಂಬುಲೆನ್ಸಿಗೆ 10 ಯೂರೊ. ಇಷ್ಟೇ. ದುಬಾರಿ ಬಿಲ್ಲಿನ ಹೆದರಿಕೆಯಿಂದ 112ಕ್ಕೆ ಕರೆ ಮಾಡದೆ ಕೂತವರನ್ನು ಕಂಡಿದ್ದೇನೆ, ತುಂಬಾ ಸಂಕಟವಾಗುತ್ತದೆ.

ಖಾಸಗಿ ಇನ್ಶೂರೆನ್ಸ್ ಇದ್ದರೆ ಡಾಕ್ಟರ್ ಬಿಲ್ ನಿಮ್ಮ ಹೆಸರಿಗೆ ಬರುತ್ತದೆ. ನೀವು ಕಂಪನಿಗೆ ಕಳಿಸಿ ಹಣ ಪಡೆಯಬೇಕು. ತುರ್ತಲ್ಲದ ಆಪರೇಷನ್ ಆದರೆ ಮೊದಲೇ ಲಿಖಿತ ಒಪ್ಪಿಗೆ ತರಿಸಿಕೊಳ್ಳಿ. 30 ದಾಟಿದ ವಿದ್ಯಾರ್ಥಿಗಳು, ಭಾಷಾ ಕೋರ್ಸಿಗೆ ಬಂದವರು ಅಗ್ಗದ ಖಾಸಗಿ ಪಾಲಿಸಿ ತೆಗೆದುಕೊಂಡಿರುತ್ತಾರೆ. ಮೊದಲೇ ಇದ್ದ ಕಾಯಿಲೆಗೆ ಹಣ ಕೊಡುವುದಿಲ್ಲ ಎಂಬ ಸಾಲು ಅಂಥ ಪಾಲಿಸಿಗಳಲ್ಲಿ ಸಾಮಾನ್ಯ. ಊರಿನಲ್ಲಿ ಒಮ್ಮೆ ಕಲ್ಲು ಆಗಿದ್ದವರು ಆ ಸಾಲನ್ನು ಈಗಲೇ ತೆಗೆದು ಓದಬೇಕು.

ಕೆಲಸಕ್ಕೆ ಹೋಗಲಾಗದಿದ್ದರೆ ಬೆಳಿಗ್ಗೆಯೇ ಆಫೀಸಿಗೆ ತಿಳಿಸಿ. ಮೂರು ದಿನಕ್ಕಿಂತ ಜಾಸ್ತಿ ಆದರೆ ಡಾಕ್ಟರ್ ಸರ್ಟಿಫಿಕೇಟ್ ಬೇಕು, ಕೆಲವು ಕಂಪನಿ ಮೊದಲ ದಿನದಿಂದಲೇ ಕೇಳುತ್ತವೆ. ಸರ್ಕಾರಿ ಇನ್ಶೂರೆನ್ಸ್ ಇದ್ದವರಿಗೆ ಅದು 2023ರಿಂದ ಆನ್‌ಲೈನ್‌ನಲ್ಲೇ ಹೋಗುತ್ತದೆ. ಯಾವ ಕಾಯಿಲೆ ಎಂದು ಮ್ಯಾನೇಜರ್‌ಗೆ ಹೇಳಬೇಕಾಗಿಲ್ಲ. ಕೆಲಸಕ್ಕೆ ಸೇರಿ 4 ವಾರ ಕಳೆದಿದ್ದರೆ 6 ವಾರದವರೆಗೆ ಪೂರ್ತಿ ಸಂಬಳ ಬರುತ್ತದೆ.

ಬರುವಾಗ ಎರಡು ವಸ್ತು ಮರೆಯಬೇಡಿ. ಒಂದು, ಆರ್ಟ್ಸ್ಟ್‌ಬ್ರೀಫ್, ಅಂದರೆ ಏನೇನು ಮಾಡಿದರು ಎಂಬ ಡಾಕ್ಟರ ಪತ್ರ. ಇನ್ನೊಂದು, ಸಿಟಿ ಚಿತ್ರಗಳ ಸಿಡಿ ಅಥವಾ ಡೌನ್‌ಲೋಡ್ ಲಿಂಕ್. 2025ರಿಂದ ಸರ್ಕಾರಿ ಇನ್ಶೂರೆನ್ಸ್ ಇದ್ದವರಿಗೆ, ತಾವೇ ಬೇಡ ಅನ್ನದಿದ್ದರೆ, ಎಲೆಕ್ಟ್ರಾನಿಕ್ ರೋಗಿ ಕಡತ ತೆರೆದಿರುತ್ತದೆ. ಆದರೂ ಕೈಯಲ್ಲೊಂದು ಪ್ರತಿ ಇರಲಿ.

9. ಕಲ್ಲು ಸಿಕ್ಕರೆ ಎಸೆಯಬೇಡಿ

ಮನೆಗೆ ಬಂದ ಮೇಲೆ ಟೀ ಸೋಸುವ ಜಾಲರಿಯೊಂದನ್ನು ಇದಕ್ಕೆಂದೇ ಇಟ್ಟುಕೊಂಡು, ಮೂತ್ರ ಸೋಸಿ ನೋಡಿ. ಸಾಸಿವೆಯಷ್ಟು ಸಿಕ್ಕರೂ ಒಣಗಿಸಿ ಡಬ್ಬಿಯಲ್ಲಿ ಹಾಕಿ ಯೂರಾಲಜಿಸ್ಟ್‌ಗೆ ಕೊಡಿ. ಪ್ರಯೋಗಾಲಯದಲ್ಲಿ ಅದು ಯಾವ ಜಾತಿಯ ಕಲ್ಲು ಎಂದು ಹೇಳುತ್ತಾರೆ. ಹೆಚ್ಚಿನವು ಕ್ಯಾಲ್ಸಿಯಂ ಆಕ್ಸಲೇಟ್. ಯೂರಿಕ್ ಆಸಿಡ್ ಕಲ್ಲಾದರೆ ಆಪರೇಷನ್ ಇಲ್ಲದೆ, ಸಿಟ್ರೇಟ್ ಔಷಧಿಯಿಂದ ಕರಗಿಸಲೂ ಸಾಧ್ಯ. ಜಾತಿ ತಿಳಿಯದೆ ಪಥ್ಯ ಮಾಡುವುದು ಕತ್ತಲಲ್ಲಿ ಕಲ್ಲು ಹೊಡೆದ ಹಾಗೆ.

ಊಟದ ವಿಷಯಕ್ಕೆ ಬಂದರೆ, ಮೊದಲನೆಯದು ನೀರು. ದಿನಕ್ಕೆ 2.5ರಿಂದ 3 ಲೀಟರ್, ಮೂತ್ರ ತಿಳಿ ಹಳದಿ ಇರುವಷ್ಟು. ಬೇಸಿಗೆಗಿಂತ ಇಲ್ಲಿನ ಚಳಿಗಾಲದಲ್ಲಿ ಹೆಚ್ಚು ಎಚ್ಚರ ಬೇಕು, ಬಾಯಾರಿಕೆಯೇ ಆಗುವುದಿಲ್ಲ. ನಲ್ಲಿ ನೀರು ಕುಡಿಯಬಹುದು. ಕೆಟಲ್‌ನಲ್ಲಿ ಬಿಳಿ ಪದರ ಕಟ್ಟುತ್ತದಲ್ಲ, ಅದರಿಂದ ಕಿಡ್ನಿಯಲ್ಲಿ ಕಲ್ಲಾಗುತ್ತದೆ ಎಂದು ಹೆದರಬೇಡಿ. ಹಾಲು, ಮೊಸರು ಬಿಡಬೇಡಿ. ಊಟದ ಜೊತೆಗಿನ ಕ್ಯಾಲ್ಸಿಯಂ, ಕಲ್ಲಿಗೆ ಕಾರಣವಾಗುವ ಆಕ್ಸಲೇಟನ್ನು ಕರುಳಲ್ಲೇ ಹಿಡಿದಿಡುತ್ತದೆ. ಮಜ್ಜಿಗೆ ಒಳ್ಳೆಯದೇ, ಉಪ್ಪು ಮಾತ್ರ ಕಡಿಮೆ. ಉಪ್ಪಿನಕಾಯಿ, ಹಪ್ಪಳಕ್ಕೆ ಇಲ್ಲಿನ ಬ್ರೆಡ್ಡು, ಚೀಸ್ ಸೇರಿದರೆ ಗೊತ್ತಿಲ್ಲದೆಯೇ ಉಪ್ಪು ಜಾಸ್ತಿಯಾಗುತ್ತದೆ. ಆಕ್ಸಲೇಟ್ ಕಲ್ಲಾಗಿದ್ದರೆ ಪಾಲಕ್, ರುಬಾರ್ಬ್, ಬಾದಾಮಿ ಕಡಿಮೆ ಮಾಡಿ. ಟೊಮೆಟೊ ಬೀಜಕ್ಕೆ ಹೆದರಬೇಕಾಗಿಲ್ಲ. ಬಿಸಿಲಿಲ್ಲ ಅಂತ ಹೆಚ್ಚು ಪ್ರಮಾಣದ ವಿಟಮಿನ್ ಡಿ, ಕ್ಯಾಲ್ಸಿಯಂ ಮಾತ್ರೆ ನುಂಗುವವರು ಅದನ್ನು ಯೂರಾಲಜಿಸ್ಟ್‌ಗೆ ತಿಳಿಸಿ.

ಬಾಳೆದಿಂಡಿನ ಪಲ್ಯ, ಹುರುಳಿ ಸಾರು, ಬಾರ್ಲಿ ನೀರು, ನಿಂಬೆ ಪಾನಕ? ಇಷ್ಟವಿದ್ದರೆ ಮಾಡಿಕೊಳ್ಳಿ. ನಿಂಬೆಯ ಸಿಟ್ರೇಟ್ ಒಳ್ಳೆಯದು, ಪಾನಕಕ್ಕೆ ಸಕ್ಕರೆ ಕಡಿಮೆ ಇರಲಿ. ಆದರೆ ಸಿಕ್ಕಿಕೊಂಡ ಕಲ್ಲಿಗೆ, ಜ್ವರಕ್ಕೆ ಇವು ಮದ್ದಲ್ಲ. ಬಿಯರ್ ಕುಡಿದರೆ ಕಲ್ಲು ಹೋಗುತ್ತದೆ ಎಂದು ಇಲ್ಲಿನವರೂ ಹೇಳುತ್ತಾರೆ, ನಂಬಬೇಡಿ.

10. ಊರಿಗೆ ಹೋಗಿಯೇ ಆಪರೇಷನ್ ಮಾಡಿಸಿಕೊಳ್ಳಲಾ?

ಕಿಡ್ನಿಯೊಳಗೆ ಸುಮ್ನೆ ಕೂತಿರುವ ಕಲ್ಲಾದರೆ, ಯೂರಾಲಜಿಸ್ಟ್ ಒಪ್ಪಿದರೆ, ಯೋಚಿಸಬಹುದು. ಮನೆಯವರ ಆರೈಕೆ ಸಿಗುವುದು ಸಣ್ಣ ವಿಷಯವಲ್ಲ. ಆದರೆ ಎರಡು ಲೆಕ್ಕ ಹಾಕಿ. ಇಲ್ಲಿನ ಸರ್ಕಾರಿ ಇನ್ಶೂರೆನ್ಸ್ ಭಾರತದಲ್ಲಿ ಮಾಡಿಸಿದ ಚಿಕಿತ್ಸೆಗೆ ಸಾಮಾನ್ಯವಾಗಿ ಹಣ ಕೊಡುವುದಿಲ್ಲ, ಖರ್ಚು ನಿಮ್ಮದೇ. ಆಪರೇಷನ್, ಸ್ಟೆಂಟ್ ತೆಗೆಯುವುದು, ಕೊನೆಯ ಸ್ಕ್ಯಾನ್ ಎಲ್ಲ ನಿಮ್ಮ ರಜೆಯೊಳಗೆ ಮುಗಿಯಬೇಕು. ಮೂತ್ರನಾಳದಲ್ಲಿ ಸಿಕ್ಕಿಕೊಂಡ ಕಲ್ಲು ಇಟ್ಟುಕೊಂಡು ವಿಮಾನ ಹತ್ತುವುದು ಬೇಡವೇ ಬೇಡ. ಕಿಡ್ನಿ ಊದಿದ್ದರೆ ಕಾದ ಒಂದೊಂದು ವಾರವೂ ಕಿಡ್ನಿಗೇ ನಷ್ಟ.

11. ಅಪ್ಪ ಅಮ್ಮ ಬಂದಿರುವಾಗ

ಅವರ ವೀಸಾಕ್ಕೆ ಕನಿಷ್ಠ 30,000 ಯೂರೊ ರಕ್ಷಣೆಯ ಟ್ರಾವೆಲ್ ಇನ್ಶೂರೆನ್ಸ್ ಕಡ್ಡಾಯ. ಅದು ತುರ್ತು ಚಿಕಿತ್ಸೆಗೆ ಮಾತ್ರ. ಅಪ್ಪನಿಗೆ ಹಿಂದೆ ಕಲ್ಲು ಆಗಿದ್ದರೆ ಪಾಲಿಸಿ ತೆಗೆದುಕೊಳ್ಳುವಾಗಲೇ ಬರೆಯಿರಿ. ಮುಚ್ಚಿಟ್ಟರೆ ಕ್ಲೇಮ್ ತಿರಸ್ಕಾರವಾಗುತ್ತದೆ. ಹೊರಡುವ ಮುನ್ನ ಊರಿನಲ್ಲೇ ಒಂದು ಅಲ್ಟ್ರಾಸೌಂಡ್ ಮಾಡಿಸಿ. ದಾರಿಯಲ್ಲಿ ಟಾಯ್ಲೆಟ್ ತೊಂದರೆ ಎಂದು ವಿಮಾನದಲ್ಲಿ ನೀರು ಕುಡಿಯದೆ ಕೂರುವ ಹಿರಿಯರಿಗೆ ಮೊದಲೇ ಹೇಳಿ, ನೀರು ಬಿಡಬಾರದು ಅಂತ.

ನೋವು ಬಂದರೆ ಆಸ್ಪತ್ರೆಗೆ ಹೊರಡುವಾಗಲೇ ಪಾಲಿಸಿಯ ಮೇಲಿರುವ ಸಹಾಯವಾಣಿಗೆ ಕರೆ ಮಾಡಿ ಕೇಸ್ ನಂಬರ್ ತೆಗೆದುಕೊಳ್ಳಿ. ಖರ್ಚು ನಾವೇ ಕೊಡುತ್ತೇವೆ ಎಂಬ ಪತ್ರವನ್ನು ಆಸ್ಪತ್ರೆಗೆ ನೇರವಾಗಿ ಕಳಿಸಿ ಎಂದು ಕೇಳಿ. ಬರದಿದ್ದರೆ ಆಸ್ಪತ್ರೆ ಮುಂಗಡ ಕೇಳಬಹುದು. ಹಣದ ಮಾತು ಏನೇ ಇರಲಿ, ಪ್ರಾಣಾಪಾಯ ಇದ್ದಾಗ ಚಿಕಿತ್ಸೆ ನಿಲ್ಲಿಸುವಂತಿಲ್ಲ. ಅಮ್ಮ ಮಧುಮೇಹಕ್ಕೆ ಮೆಟ್‌ಫಾರ್ಮಿನ್ ತೆಗೆದುಕೊಳ್ಳುತ್ತಿದ್ದರೆ, ಅಪ್ಪ ರಕ್ತ ತೆಳುವಾಗಿಸುವ ಕ್ಲೋಪಿಡೋಗ್ರೆಲ್ ಅಥವಾ ಆಸ್ಪಿರಿನ್ ತೆಗೆದುಕೊಳ್ಳುತ್ತಿದ್ದರೆ ಬಾಗಿಲಲ್ಲೇ ಹೇಳಿ.

ಇಂಥ ಪಾಲಿಸಿಗಳು ಹಲವು ಸಲ ಸ್ಟೆಂಟ್ ಹಾಕಿ ನೋವು ನಿಲ್ಲಿಸುವವರೆಗೆ ಮಾತ್ರ ಹಣ ಕೊಡುತ್ತವೆ. ಕಲ್ಲು ತೆಗೆಯುವುದು ಊರಿಗೆ ಹೋದ ಮೇಲೆ. ಹಾಗಾದಾಗ ಡಾಕ್ಟರ ಪತ್ರವನ್ನು ಇಂಗ್ಲಿಷ್‌ನಲ್ಲಿ ಕೊಡಲು ಕೇಳಿ, ಆಗದಿದ್ದರೆ ನೀವೇ ಅನುವಾದಿಸಿ ಮೂಲದ ಜೊತೆ ಪಿನ್ ಮಾಡಿ. ವಿಮಾನದಲ್ಲಿ ಹೋಗಬಹುದು ಎಂಬ ಚೀಟಿ ಬರೆಸಿಕೊಳ್ಳಿ. ಅವರು ವಿಮಾನ ಹತ್ತುವ ಮೊದಲೇ ಬೆಂಗಳೂರಲ್ಲೋ ಮಂಗಳೂರಲ್ಲೋ ಹುಬ್ಬಳ್ಳಿಯಲ್ಲೋ ಯೂರಾಲಜಿಸ್ಟ್ ಅಪಾಯಿಂಟ್‌ಮೆಂಟ್ ತೆಗೆದುಕೊಂಡು, ಸ್ಟೆಂಟ್ ತೆಗೆಯಬೇಕಾದ ದಿನಾಂಕವನ್ನು ಊರಲ್ಲಿರುವ ತಮ್ಮನಿಗೋ ತಂಗಿಗೋ ಒಪ್ಪಿಸಿ.